ಅಮಾವಾಸ್ಯೆ ದಿನ ಟ್ಯಾಪ್ ಹೊಡೆದದ್ದು

ಹೋದ ವರ್ಷ ನನಗೂ ಒಂದು ಬೋಲ್ಟಿನ ತೂತಿಗೂ ಜಗಳ ಬಿದ್ದಿತ್ತು. ನಗಬೇಡಿ. ಆ ತೂತು ನನ್ನ ಕಿರುಬೆರಳು ಹೋಗೋ ಅಷ್ಟೂ ಇಲ್ಲ. ನಮ್ಮ ಮನೆಯ ಪವರ್‌ಲೂಮಿನ ಎಡಗಡೆ ಬೀಡುಕಬ್ಬಿಣದ ಕಾಲಿನಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣೋ ಜಾಗದಲ್ಲಿದೆ. ಅಷ್ಟು ಸಣ್ಣ ತೂತು ನೆಂಟರಿಷ್ಟರ ಮುಂದೆ ನನ್ನ ಮಾನ ಕಳೆಯೋಕೆ ಹೊಂಚು ಹಾಕಿ ಕೂತಿತ್ತು ಅಂದರೆ ಯಾರೂ ನಂಬಲ್ಲ. ಅದಕ್ಕೇ ಮೊದಲಿಂದ ಹೇಳ್ತೀನಿ.

ನಮ್ಮದು ದೊಡ್ಡಬಳ್ಳಾಪುರ, ಮಗ್ಗದವರೇ ತುಂಬಿರೋ ಬೀದಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಹಿಂದಿನ ಕೋಣೆಯಲ್ಲಿ ನಾವು. ನಾನು ನೇಯ್ತೀನಿ. ನಮ್ಮನೆಯವರು ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಮದುವೆಯಾಗಿ ಬಂದಾಗಿನಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ರೇಷ್ಮೆ ಸೀರೆ ನೇಯ್ತಾ ಇದ್ದೀನಿ. ಆದರೂ ನನ್ನ ಬೀರುವಿನಲ್ಲಿ ಒಂದೇ ಒಂದು ನೆಟ್ಟಗಿರೋ ಸೀರೆ ಇರಲಿಲ್ಲ. ಚೆನ್ನಾಗಿ ಬಂದದ್ದು ಅಂಗಡಿಗೆ, ಕೆಟ್ಟು ಬಂದದ್ದು ಮನೆಯ ಹೆಂಗಸರಿಗೆ, ಇದು ನಮ್ಮ ಬೀದಿಯ ಎಲ್ಲ ಮನೆಯ ಪದ್ಧತಿ. ಡ್ಯಾಮೇಜ್ ಸೀರೆ ಅಂತೀವಿ. ಒಂದರಲ್ಲಿ ಎಳೆ ತಪ್ಪಿರುತ್ತೆ, ಒಂದರ ಒಡಲಿಗೆ ಮಗ್ಗದ ಎಣ್ಣೆ ಸಿಡಿದಿರುತ್ತೆ, ಒಂದರ ಸೆರಗಿನ ನವಿಲಿಗೆ ತಲೆಯೇ ಇರಲ್ಲ. ಆ ತಲೆಯಿಲ್ಲದ ನವಿಲನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಮೂರು ಮದುವೆ, ಎರಡು ನಾಮಕರಣ ಮುಗಿಸಿದ್ದೀನಿ.

ಯಾರಿಗೂ ಗೊತ್ತಾಗ್ತಿರಲಿಲ್ಲ, ಅತ್ತಿಗೆ ಒಬ್ಬರನ್ನ ಬಿಟ್ಟು. ಅತ್ತಿಗೆ ಅಂದರೆ ನಮ್ಮನೆಯವರ ಅಕ್ಕ. ಅವರನ್ನ ದೊಡ್ಡಬೆಳವಂಗಲದ ಕಡೆ ಹೊಲ ತೋಟ ಇರೋ ಮನೆಗೆ ಕೊಟ್ಟಿದ್ದಾರೆ. ಯಾವ ಸಮಾರಂಭಕ್ಕೆ ಹೋದರೂ "ಬಾರೇ ಇಲ್ಲಿ, ಎಷ್ಟು ಚೆನ್ನಾಗೈತೆ ಸೀರೆ" ಅಂತ ಬಾಯಿ ತುಂಬ ಕರೀತಾರೆ. ಹತ್ತಿರ ಹೋದರೆ ಮುಗೀತು. ಸೆರಗು ಎತ್ತಿ, ಕಿಟಕಿ ಬೆಳಕಿಗೆ ಹಿಡಿದು, ಒಳಮೈ ತಿರುಗಿಸಿ, ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೆ ಹುಡುಕಿ, "ಹಾಂ, ಇಲ್ಲೈತೆ ನೋಡು!" ಅಂತಾರೆ. ಒಂದು ಸಲವೂ ತಪ್ಪಿಲ್ಲ. ಎರಡು ವರ್ಷದ ಹಿಂದೆ ಒಂದು ನಾಮಕರಣದಲ್ಲಿ ಊಟದ ಪಂಕ್ತಿ ಮುಂದೆ ಹೀಗೇ ಮಾಡಿದಾಗ ನಾನು ನಕ್ಕೆ. ನಕ್ಕು, ಹಿತ್ತಿಲಿಗೆ ಹೋಗಿ ಕೈ ತೊಳೆಯೋ ನೆಪದಲ್ಲಿ ಮುಖ ತೊಳೆದುಕೊಂಡೆ. ಹೊಟ್ಟೆ ಉರಿದುಹೋಗಿತ್ತು ಕಣ್ರೀ. ನೇಯೋಳು ನಾನು, ನನ್ನ ಮೈಮೇಲೆ ಸದಾ ಕೆಟ್ಟ ಸೀರೆ.

ಹೋದ ವರ್ಷ ಅತ್ತಿಗೆ ಮನೆಯವರು ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡರು. ಫೋನಿನಲ್ಲಿ ಕರೆಯುವಾಗ "ಒಳ್ಳೆ ಸೀರೆ ಉಟ್ಕೊಂಡು ಬಾರೇ" ಅಂದು ಕಿಸಕ್ಕನೆ ನಕ್ಕರು. ನಂಗೆ ಪಿತ್ತ ನೆತ್ತಿಗೇರಿತು. "ಅತ್ತಿಗೆ, ಆವತ್ತು ನನ್ನ ಸೀರೇಲಿ ಒಂದೇ ಒಂದು ಎಳೆ ತಪ್ಪು ತೋರಿಸಿ, ನಿಮ್ಮ ಗೃಹಪ್ರವೇಶದ ಅಷ್ಟೂ ಪಾತ್ರೆ ನಾನೊಬ್ಬಳೇ ಬೆಳಗ್ತೀನಿ" ಅಂದುಬಿಟ್ಟೆ. ಹೇಳೋದು ಸುಲಭ. ಫೋನ್ ಇಟ್ಟ ಮೇಲೆ ಎಷ್ಟು ಜನಕ್ಕೆ ಊಟ ಹಾಕಿಸ್ತಾರೆ ಅಂತ ಯೋಚನೆ ಬಂತು.

ಆಗ ಎಡಗಡೆ ಮಗ್ಗದ ಮೇಲೆ ಈರುಳ್ಳಿ ಸಿಪ್ಪೆ ಬಣ್ಣದ ಹಾಸು ಇತ್ತು, ಕಡುಹಸಿರು ಅಂಚು. ಉದ್ದಕ್ಕೆ ಬರೋ ಎಳೆಗಳಿಗೆ ಹಾಸು ಅಂತೀವಿ. ಅದರಲ್ಲಿ ಇನ್ನು ಮೂರು ಸೀರೆಗಾಗುವಷ್ಟು ಉಳಿದಿತ್ತು. ಮೂರನೆಯದು ನನ್ನದು ಅಂತ ಮನಸ್ಸಿನಲ್ಲೇ ಬರೆದುಕೊಂಡೆ. ಅದು ಕೆಟ್ಟರೆ ಗೃಹಪ್ರವೇಶದೊಳಗೆ ಇನ್ನೊಂದು ಹಾಸು ಕಟ್ಟಿ ನೇಯೋಕೆ ಆಗಲ್ಲ.

ಮೊದಲನೆಯದನ್ನ ಇಳಿಸಿ ಬೆಳಕಿಗೆ ಹಿಡಿದರೆ ಒಡಲಿನಲ್ಲಿ ಅಡ್ಡಡ್ಡ ನಾಲ್ಕು ಪಟ್ಟಿ! ಒಂದು ಕಡೆ ಎಳೆ ಒತ್ತೊತ್ತಾಗಿ ಕೂತು, ಪಕ್ಕದಲ್ಲಿ ತೆಳ್ಳಗೆ ಬಿಟ್ಟುಕೊಂಡಿದೆ. ನೇಯ್ದ ಬಟ್ಟೆಯನ್ನ ಸ್ವಲ್ಪ ಸ್ವಲ್ಪವೇ ಎಳೆದು ಸುತ್ತಿಕೊಳ್ಳೋಕೆ ಮಗ್ಗದಲ್ಲಿ ಒಂದು ರೋಲರ್ ಇರುತ್ತೆ. ಅದನ್ನ ತಿರುಗಿಸೋ ಹಲ್ಲಿನ ಚಕ್ರಗಳನ್ನ ಹಿಡಿದಿಡೋದು ಒಂದು ಬ್ರಾಕೆಟ್ಟು. ಆ ಬ್ರಾಕೆಟ್ಟನ್ನ ಹಿಡಿದಿಡೋದು ಒಂದು ಬೋಲ್ಟು. ಬೋಲ್ಟು ಸಡಿಲ ಆದರೆ ಬ್ರಾಕೆಟ್ ಅಲ್ಲಾಡುತ್ತೆ, ಚಕ್ರದ ಹಲ್ಲು ಜಾರುತ್ತೆ, ಸೀರೆಗೆ ಪಟ್ಟಿ ಬೀಳುತ್ತೆ. ಬೋಲ್ಟು ಯಾಕೆ ಸಡಿಲ ಅಂದರೆ, ಅದು ಕೂರೋ ತೂತಿನ ಒಳಗಿನ ಥ್ರೆಡ್ಡು, ಆ ಸುರುಳಿ ಸುರುಳಿ ಗೀರು, ಸವೆದುಹೋಗಿತ್ತು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಆ ಬೋಲ್ಟು ಸಡಿಲ ಆಗಿದ್ದು ನಿನ್ನೆ ಮೊನ್ನೆ ಅಲ್ಲ. ಆರೇಳು ವರ್ಷದಿಂದ ಆಗ್ತಾನೇ ಇತ್ತು, ನಾನು ವೈದ್ಯ ಮಾಡ್ತಾನೇ ಇದ್ದೆ. ನಮ್ಮ ಬೀದಿಯಲ್ಲಿ ಸಡಿಲ ಬೋಲ್ಟಿಗೆ ಇರೋದು ಒಂದೇ ಮದ್ದು, ನೂಲು. ಬೋಲ್ಟ್ ಬಿಚ್ಚಿ, ಮಗ್ಗದ ಕೆಳಗೆ ಬಿದ್ದಿರೋ ತುಂಡು ರೇಷ್ಮೆ ಎಳೆಗಳನ್ನ ಅದರ ಮೈಗೆ ಸುತ್ತಿ, ಮತ್ತೆ ತಿರುಗಿಸಿದರೆ ಬಿಗಿಯಾಗಿ ಕೂರುತ್ತೆ. ಹದಿನೈದು ದಿನ ಕೂರುತ್ತೆ. ಆಮೇಲೆ ಮತ್ತೆ ಸುತ್ತು. ಬೇರೆ ಊರಿನವರು ಏನು ಮಾಡ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಸೈಕಲ್ಲಿನ ಮಡ್‌ಗಾರ್ಡ್, ಗ್ಯಾಸ್ ಒಲೆಯ ಕಾಲು, ಕನ್ನಡಕದ ಸ್ಕ್ರೂ ಎಲ್ಲಕ್ಕೂ ರೇಷ್ಮೆಯೇ ಸುತ್ತೋದು.

ಇದನ್ನ ಬೇಡ ಅಂತ ಹೇಳಿದವರು ಒಬ್ಬರೇ, ಮೇಸ್ತ್ರಿ ಚಾಚಾ. ಮಸೀದಿ ಹಿಂದಿನ ಬೀದಿಯವರು. ನಮ್ಮ ಸುತ್ತಮುತ್ತಲ ಅಷ್ಟೂ ಮಗ್ಗ ರಿಪೇರಿ ಮಾಡಿದ ಕೈ ಅವರದ್ದು. ಅದಕ್ಕೂ ಹಿಂದಿನ ವರ್ಷ ಯಾವುದೋ ಕೆಲಸಕ್ಕೆ ಬಂದವರು ಈ ತೂತಿಗೆ ಬೆರಳಿಟ್ಟು, "ಬೇಟಿ, ತೂತಿಗೆ ದಾರ ತುಂಬಬೇಡ. ಒಳಗೆ ಕೊಳೆಯುತ್ತೆ, ಥ್ರೆಡ್ ತಿಂದುಹಾಕುತ್ತೆ" ಅಂದಿದ್ದರು. ಆವತ್ತು ಲಾಳಿ ಕೈಕೊಟ್ಟು ನನ್ನ ತಲೆ ಕೆಟ್ಟಿತ್ತು. "ನೂಲಿನ ವಿಷಯ ನೇಯೋರಿಗೇ ಹೇಳ್ಕೊಡ್ತೀರಾ ಚಾಚಾ? ನಮ್ಮನೆಯವರು ಫಿಟ್ಟರ್ರು, ಅವರು ನೋಡ್ಕೋತಾರೆ ಬಿಡಿ" ಅಂದೆ. ಚಾಚಾ ಚೀಲ ಎತ್ತಿಕೊಂಡು ಹೋದವರು ಮತ್ತೆ ನಮ್ಮ ಹೊಸಿಲು ತುಳಿದಿರಲಿಲ್ಲ.

ಈಗ ನೋಡ್ಕೊಳ್ಳೋ ಸರದಿ ಫಿಟ್ಟರ್ ಸಾಹೇಬರದ್ದು. ಭಾನುವಾರ ಬೆಳಿಗ್ಗೆ ದೋಸೆ ತಿಂದು, ಒಂದು ಹೊಸ ಪ್ಲಾಸ್ಟಿಕ್ ಡಬ್ಬಿ ಹಿಡಿದು ಮಗ್ಗದ ಮುಂದೆ ಕೂತರು. ಡಬ್ಬಿಯೊಳಗೆ ಟ್ಯಾಪುಗಳು. ಟ್ಯಾಪ್ ಅಂದರೆ ನೀರಿನ ನಲ್ಲಿಯಲ್ಲ, ಗಟ್ಟಿ ಉಕ್ಕಿನ ಬೋಲ್ಟಿನ ಹಾಗಿರುತ್ತೆ, ಮೈಮೇಲೆ ಚೂಪು ಥ್ರೆಡ್ಡು, ಪುಡಿ ಹೊರಗೆ ಬರೋಕೆ ಉದ್ದುದ್ದ ಕಾಲುವೆ. ತೂತಿನೊಳಗೆ ಇಟ್ಟು ತಿರುಗಿಸಿದರೆ ಕೊಳೆ ಬಳಿದು ಥ್ರೆಡ್ ಸರಿಮಾಡುತ್ತೆ, ಥ್ರೆಡ್ ಇಲ್ಲದ ಕಡೆ ಹೊಸದಾಗಿ ಕೊರೆಯುತ್ತೆ. ಪಾಪ, ಆನ್‌ಲೈನಿನಲ್ಲಿ ತರಿಸಿದ್ದರು. ಫಳಫಳ ಹೊಳೀತಿದ್ದವು.

ಹಳೇ ಬೋಲ್ಟನ್ನ ಅಳೆದರು. "ಒಂಬತ್ತೂವರೆ ಎಂಎಂ ಬರ್ತಿದೆ. ಹತ್ತು ಎಂಎಂ ಬೋಲ್ಟು, ಅರ್ಧ ಎಂಎಂ ಸವೆದಿದೆ" ಅಂದರು.

"ಅಷ್ಟೊಂದು ಸವೆಯುತ್ತೇನ್ರೀ?" ಅಂದೆ.

"ನೀನು ಸುಮ್ನಿರು. ಫ್ಯಾಕ್ಟ್ರೀಲಿ ದಿನಾ ಇಂಥವು ನೂರು ನೋಡ್ತೀನಿ."

ಹತ್ತು ಎಂಎಂ ಟ್ಯಾಪ್ ಇಟ್ಟು ತಿರುಗಿಸಿದರು. ಮೊದಲೆರಡು ಸುತ್ತು ಬೆಣ್ಣೆಯಲ್ಲಿ ಹೋದ ಹಾಗೆ ಹೋಯ್ತು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮೂರನೇ ಸುತ್ತಿಗೆ ಬಿಗಿ ಆಯ್ತು. "ಕಟ್ ಆಗ್ತಿದೆ" ಅಂದರು. ನಾಲ್ಕನೆಯದಕ್ಕೆ ಕಿರ್ರ್ ಅಂತು. ಮಂಡಿ ಊರಿ, ಹಲ್ಲು ಕಚ್ಚಿ, ಮೈಯಲ್ಲಿದ್ದ ಬಲವೆಲ್ಲ ಬಿಟ್ಟರು. ಹೊರಗೆ ತೆಗೆದರೆ ಟ್ಯಾಪಿನ ಕಾಲುವೆ ತುಂಬ ಎಣ್ಣೆ ಕುಡಿದ ರೇಷ್ಮೆ ಮುದ್ದೆ, ಅದರಲ್ಲಿ ಕಬ್ಬಿಣದ ಚೂರು. ಹೊಸ ಹತ್ತು ಎಂಎಂ ಬೋಲ್ಟ್ ಹಾಕಿ ಸ್ಪ್ಯಾನರಿನಲ್ಲಿ ಒಂದು ಎಳೆತ ಎಳೆದರು. ಕಟಕ್ ಅಂತು. ಬೋಲ್ಟು ಅದರ ಪಾಡಿಗೆ ಗಿರಗಿರ ತಿರುಗೋಕೆ ಶುರುವಾಯ್ತು. ಬೆರಳಲ್ಲಿ ಹಿಡಿದೆಳೆದರೆ ಕೈಗೇ ಬಂತು, ಜೊತೆಗೆ ಒಂದು ಚಿಟಿಕೆ ಕರೀ ಪುಡಿ. ಸವೆದಾದರೂ ಇದ್ದ ಥ್ರೆಡ್ಡು ಪೂರ್ತಿ ಕಿತ್ತುಹೋಗಿತ್ತು.

"ಫ್ಯಾಕ್ಟ್ರೀಲೂ ಇದನ್ನೇ ಮಾಡ್ತೀರಾ? ಆದರೂ ಸಂಬಳ ಕೊಡ್ತಾರಾ?" ಅಂತ ಕೇಳಿದೆ.

"ತೂತು ತುಂಬ ದಾರ ತುರುಕಿದ್ದು ಯಾರು? ಅದೇನು ಬೋಲ್ಟಿನ ತೂತಾ, ದಿಂಬಾ?"

"ದಾರ ಇದ್ದಾಗ ಮಗ್ಗ ಓಡ್ತಿತ್ತಲ್ಲ. ನೀವು ಕೈ ಹಾಕಿದ್ಮೇಲೆ ನಿಂತಿದ್ದು!"

ಎರಡು ದಿನ ಮಾತಿಲ್ಲ. ಅನ್ನ ಬಡಿಸುವಾಗ ಸೌಟು ಮಾತಾಡ್ತಿತ್ತು, ಅವರು ನೀರು ಕುಡಿದಾಗ ಲೋಟ ಮಾತಾಡ್ತಿತ್ತು. ಮಗ್ಗದ ಮೇಲೆ ಈರುಳ್ಳಿ ಸಿಪ್ಪೆ ಬಣ್ಣದ ಎಳೆಗಳು ಹಾಗೇ ಬಿಗಿದು ನಿಂತಿದ್ದವು. ಅದನ್ನ ನೋಡಿದಾಗಲೆಲ್ಲ ಅತ್ತಿಗೆ ಕಿಸಕ್ಕನೆ ನಕ್ಕದ್ದು ಕೇಳಿಸ್ತಿತ್ತು. ಮೂರನೇ ದಿನ ಹಳೇ ಬೋಲ್ಟನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಸೀದಿ ಹಿಂದಿನ ಬೀದಿಗೆ ಹೋದೆ.

ಚಾಚಾ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದರು. "ಬಾ ಬೇಟಿ, ಕೂತ್ಕೋ" ಅಂದರು. ಕೂತೆ. ಸುಮ್ಮನೆ ಕೂರೋಕಾಗದೆ ನಾನೂ ಅವರೆಕಾಯಿ ಬಿಡಿಸೋಕೆ ಶುರು ಮಾಡಿದೆ. ಅರ್ಧ ಮೊರ ಆಯ್ತು. ಚಾಚಾ ತಲೆ ಎತ್ತದೆ, "ಅವರೆಕಾಯಿ ಬಿಡಿಸೋಕೆ ಇಷ್ಟು ದೂರ ಬಂದ್ಯಾ?" ಅಂದರು.

ಗಂಟು ಬಿಚ್ಚಿ ಬೋಲ್ಟ್ ಕೊಟ್ಟೆ. ಆದದ್ದೆಲ್ಲ ಹೇಳಿದೆ. ಸೀರೆ ವಿಷಯ, ಪಾತ್ರೆ ಬೆಳಗೋ ಪಣ, ಎಲ್ಲ.

"ನಿಮ್ಮನೆಯವರು ಫಿಟ್ಟರ್ರು ಅಲ್ವಾ?" ಅಂದರು, ಬೋಲ್ಟನ್ನ ಬೆಳಕಿಗೆ ಹಿಡಿದು. ಎಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದರೋ ಆ ಮಾತನ್ನ! ನಾನು ತಲೆ ಬಗ್ಗಿಸಿದೆ. "ತಪ್ಪಾಯ್ತು ಚಾಚಾ" ಅಂದೆ. ಅವರಿಗೆ ಅಷ್ಟು ಸಾಕಾಯ್ತು ಅಂತ ಕಾಣುತ್ತೆ, ಒಳಗಿಂದ ಒಂದು ಗೇಜು ತಂದರು. ಬೀಸಣಿಗೆ ಥರ ಬಿಚ್ಚಿಕೊಳ್ಳೋ ತೆಳ್ಳನೆ ತಗಡುಗಳು, ಪ್ರತಿಯೊಂದರ ಅಂಚಿಗೂ ಬೇರೆ ಬೇರೆ ಅಳತೆಯ ಹಲ್ಲು. ಒಂದೊಂದನ್ನೇ ಬೋಲ್ಟಿನ ಮೈಗೆ ಒತ್ತಿ ನೋಡಿದರು. ಒಂದು ತಗಡು ಸಂದಿಲ್ಲದೆ ಕೂತಿತು.

"ನೋಡು. ಇದು ಎಂಎಂ ಅಲ್ಲ, ಇಂಚಿನ ಥ್ರೆಡ್ಡು. ಮೂರು ಸೂತಿನ ಬೋಲ್ಟು, ಇಂಚಿಗೆ ಎಂಟು ಸೂತು. ಏನೂ ಸವೆದಿಲ್ಲ, ಇದರ ಅಳತೇನೇ ಅಷ್ಟು. ನಿಮ್ಮ ಮಗ್ಗ ಹುಟ್ಟಿದ್ದು ಇಂಚಿನ ಕಾಲದಲ್ಲಿ. ಹತ್ತು ಎಂಎಂಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ, ಮೊದಲೆರಡು ಸುತ್ತು ಯಾರಿಗೂ ಗೊತ್ತಾಗಲ್ಲ." ಆಮೇಲೆ ಒಂದು ಅವರೆಕಾಯಿ ಬಿಡಿಸಿ, "ಅವನದ್ದೂ ಪೂರಾ ತಪ್ಪಲ್ಲ ಬಿಡು. ಅಮಾವಾಸ್ಯೆ ಯಾವತ್ತು?" ಅಂದರು.

"ನಾಡಿದ್ದು."

"ಆವತ್ತು ಬರ್ತೀನಿ. ಅವನಿಗೂ ರಜ ಹಾಕೋಕೆ ಹೇಳು."

ನಾನು ಹೌಹಾರಿದೆ. ಅಮಾವಾಸ್ಯೆ ದಿನ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟಲ್ಲ. ಮಗ್ಗ ಒರೆಸಿ, ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ ಕೈಮುಗಿಯೋದು ಅಷ್ಟೇ. "ಚಾಚಾ, ಆವತ್ತು ಮುಟ್ಟಬಾರದು" ಅಂದೆ.

"ನೀನು ಮುಟ್ಟಬೇಡ. ನಾನು ಮುಟ್ತೀನಿ. ನಂಗೆ ಅಮಾವಾಸ್ಯೆ ಇಲ್ಲವಲ್ಲ" ಅಂದು ನಕ್ಕರು. "ಬೇರೆ ದಿನ ನಿಮ್ಮ ಬೀದೀಲಿ ನಂಗೆ ಕಿವಿ ಕೇಳಿಸಲ್ಲ ಬೇಟಿ. ಟ್ಯಾಪ್ ಹೊಡೆಯೋದು ಕಣ್ಣಲ್ಲಲ್ಲ, ಕಿವೀಲಿ."

ಆವತ್ತು ಹೇಳಿದ ಹಾಗೆ ಬಂದರು. ಬೀದಿ ಗಪ್‌ಚಿಪ್. ದಿನಾ ಹಗಲೆಲ್ಲ ಟಕಟಕ ಅನ್ನೋ ಬೀದಿಯಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿದ್ದು, ಹಾಲಿನ ಗಾಡಿ ಹೋದದ್ದು ಎಲ್ಲ ಕೇಳಿಸ್ತಿತ್ತು. ನಮ್ಮನೆಯವರು ಮುಖ ಊದಿಸಿಕೊಂಡೇ ಬಾಗಿಲು ತೆಗೆದರು. ಚಾಚಾ ಅವರ ಟ್ಯಾಪ್ ಡಬ್ಬಿ ತರಿಸಿ, ಒಂದೊಂದನ್ನೇ ಮುಟ್ಟಿ ನೋಡಿ, "ಒಳ್ಳೇ ಮಾಲು ಕಣಪ್ಪಾ, ಜೋಪಾನವಾಗಿ ಇಟ್ಕೋ. ಈ ಮಗ್ಗಕ್ಕೆ ಮಾತ್ರ ಬೇಡ" ಅಂದರು. ಮುಖದ ಊತ ಅರ್ಧ ಇಳೀತು.

ಟ್ಯಾಪ್ ಹಾಕೋಕೆ ಮೊದಲು ತೂತು ಕ್ಲೀನ್ ಆಗಬೇಕು, ಇಲ್ಲದಿದ್ದರೆ ಯಾವ ಟ್ಯಾಪೂ ಒಂದೇ, ಅಂದರು ಚಾಚಾ. ಮುರಿದ ಛತ್ರಿಯ ಕಡ್ಡಿಯೊಂದರ ತುದಿಯನ್ನ ಕೊಕ್ಕೆ ಮಾಡಿಕೊಂಡು ಬಂದಿದ್ದರು. ಒಳಗೆ ಬಿಟ್ಟು ಎಳೆದರು. ಮೊದಲು ಬಂದದ್ದು ಈರುಳ್ಳಿ ಸಿಪ್ಪೆ ಬಣ್ಣ. ಆಮೇಲೆ ಕಡುನೀಲಿ. ಆಮೇಲೆ ಗಿಳಿಹಸಿರು, ಅದು ಕೊರೊನಾ ಮುಗಿದ ಮೇಲೆ ಮೊದಲು ಕಟ್ಟಿದ ಹಾಸು, ನಂಗೆ ನೆನಪಿದೆ. ಆಮೇಲೆ ಮೆರೂನು, ಕನಕಾಂಬರ, ಮತ್ತೆ ಮೆರೂನು. ಎಣ್ಣೆ ಕುಡಿದು ಕಪ್ಪಾಗಿದ್ದರೂ ಬಿಡಿಸಿದರೆ ಒಳಗೆ ಬಣ್ಣ ಹಾಗೇ ಇತ್ತು. ಚಾಚಾ ಒಂದೊಂದನ್ನೂ ಹಳೇ ಪೇಪರಿನ ಮೇಲೆ ಸಾಲಾಗಿ ಇಡ್ತಾ ಹೋದರು. ಮಧ್ಯೆ ಮಧ್ಯೆ ಗಟ್ಟಿ ಕೆಂಪು ಹೆಂಟೆ, ಆಯುಧಪೂಜೆಗೆ ನಾನೇ ಭಕ್ತಿಯಿಂದ ಒತ್ತಿದ್ದ ಕುಂಕುಮ.

"ಇನ್ನೂ ಇದೆಯಾ?" ಅಂದರು ನಮ್ಮನೆಯವರು. "ಪೂರ್ತಿ ಸೀರೇನೇ ಬರುತ್ತೋ ಏನೋ. ಸೆರಗು ಬಂದ್ರೆ ಹೇಳಿ ಚಾಚಾ, ಇವಳು ಗೃಹಪ್ರವೇಶಕ್ಕೆ ಅದನ್ನೇ ಉಟ್ಕೋತಾಳೆ."

ನಂಗೆ ನಗು ತಡೆಯೋಕಾಗಲಿಲ್ಲ. ಮಾತು ಬಿಟ್ಟ ಐದನೇ ದಿನ ಹಾಗೆ ರಾಜಿ ಆಯ್ತು.

ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ತೊಳೆದು, ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿದರು. ಥ್ರೆಡ್ ಅನ್ನೋದು ಹೆಸರಿಗೂ ಇಲ್ಲ. ಬರೀ ಕೊಳೆ ಕೂತಿದ್ದರೆ ಮೂರು ಸೂತಿನ ಟ್ಯಾಪನ್ನೇ ಒಮ್ಮೆ ಓಡಿಸಿ ಮುಗಿಸಬಹುದಿತ್ತಂತೆ. ಈಗ ತೂತನ್ನ ದೊಡ್ಡದು ಮಾಡಿ, ನಾಲ್ಕು ಸೂತಿಗೆ, ಅಂದರೆ ಅರ್ಧ ಇಂಚಿಗೆ, ಹೊಸ ಥ್ರೆಡ್ ಹಾಕಬೇಕು. ನಮ್ಮನೆಯವರು ಡ್ರಿಲ್ಲಿಂಗ್ ಮೆಶೀನ್ ಹಿಡಿದರು. ಚಾಚಾ ಪಕ್ಕದಲ್ಲಿ ಗುಣ್ಯ, ಅಂದರೆ ಮೂಲೆಮಟ್ಟ, ಹಿಡಿದು "ಎಡಕ್ಕೆ, ಸ್ವಲ್ಪ ಎಡಕ್ಕೆ, ಹಾಂ" ಅಂತ ನೆಟ್ಟಗೆ ಕೊರೆಸಿದರು. ಆ ಕೆಲಸವನ್ನ ಮಾತ್ರ ಫಿಟ್ಟರ್ ಸಾಹೇಬರು ನಿಜಕ್ಕೂ ಚೊಕ್ಕವಾಗಿ ಮಾಡಿದರು, ಹೇಳದಿದ್ದರೆ ತಪ್ಪಾಗುತ್ತೆ.

ಆಮೇಲೆ ಚಾಚಾ ಎಣ್ಣೆ ಬಟ್ಟೆಯೊಳಗಿಂದ ಮೂರು ಟ್ಯಾಪ್ ತೆಗೆದರು. ಒಂದೇ ಅಳತೆ, ಮೂರು ಥರ. ಒಂದನೆಯದರ ಮೂತಿ ಚೂಪು, ಅದು ದಾರಿ ಮಾಡುತ್ತೆ. ಎರಡನೆಯದು ಆಳ ಮಾಡುತ್ತೆ. ಮೂರನೆಯದರ ಮೂತಿ ಮೊಂಡು, ತಳದವರೆಗೂ ಹೋಗಿ ಮುಗಿಸುತ್ತೆ. ಒಂದನೆಯದನ್ನ ಹಿಡಿಕೆಗೆ ಸಿಕ್ಕಿಸಿ, ತೂತಿಗಿಟ್ಟು ಒಂದು ಸುತ್ತು ತಿರುಗಿಸಿದವರು ನಿಲ್ಲಿಸಿಬಿಟ್ಟರು. ಮಣಿಕಟ್ಟು ಹಿಡಿದುಕೊಂಡು ಮುಖ ಕಿವುಚಿದರು. "ಕೈಯಲ್ಲಿ ಕಸುವಿಲ್ಲ. ಬೇಟಿ, ನೀನು ಬಾ."

"ನಾನಾ? ಇವರಿಲ್ವಾ?"

"ಅವನದ್ದು ಸ್ಪ್ಯಾನರ್ ಕೈ. ನಿಂದು ಎಳೆ ಹಿಡಿಯೋ ಕೈ. ಎಷ್ಟು ಎಳೆದ್ರೆ ಹರಿಯುತ್ತೆ ಅಂತ ನಿಂಗೆ ಗೊತ್ತಾಗುತ್ತೆ."

"ಅಮಾವಾಸ್ಯೆ ಚಾಚಾ. ಮಗ್ಗ ಮುಟ್ಟಬಾರದು."

"ಮಗ್ಗ ಯಾರು ಮುಟ್ಟು ಅಂದ್ರು? ಹಿಡಿಕೆ ನಂದು, ಟ್ಯಾಪ್ ನಂದು. ಅದನ್ನ ಮುಟ್ಟು."

ದೇವರಿಗೆ ಮನಸ್ಸಿನಲ್ಲೇ ಕೈಮುಗಿದು, ಸೆರಗು ಸಿಕ್ಕಿಸಿ ಕೂತೆ. ಲೆಕ್ಕ ಸುಲಭ, ಮುಂದೆ ಅರ್ಧ ಸುತ್ತು, ಹಿಂದೆ ಕಾಲು ಸುತ್ತು. ಮುಂದೆ ಹೋದಾಗ ಕೊರೆಯುತ್ತೆ, ಹಿಂದೆ ಬಂದಾಗ ಪುಡಿ ಮುರಿದು ಉದುರುತ್ತೆ. ಚಾಚಾ ಕಣ್ಣು ಮುಚ್ಚಿ, ಮಗ್ಗದ ಕಾಲಿಗೆ ತಲೆ ಆನಿಸಿ ಕೂತರು. ಸರ್, ಸರ್ ಅನ್ನೋ ಒಣ ಸದ್ದು. ಬೀಡುಕಬ್ಬಿಣದ ಪುಡಿ ಕಾಫಿ ಪುಡಿಯ ಹಾಗೆ ಕೈಮೇಲೆ ಬೀಳ್ತಿತ್ತು. ನಾಲ್ಕು ಸುತ್ತಾದ ಮೇಲೆ ನಂಗೆ ಉಮೇದು ಬಂತು. ಎಷ್ಟು ಚೆನ್ನಾಗಿ ಹೋಗ್ತಿದೆ, ಹಿಂದೆ ಯಾಕೆ ಬರಬೇಕು ಅಂತ ಒಂದೇ ಉಸಿರಿಗೆ ಒಂದೂವರೆ ಸುತ್ತು ಮುಂದೆ ತಿರುಗಿಸಿದೆ.

ಕ್ರೀಂಯ್ ಅಂತು.

"ಬಿಡು!" ಅಂತ ಚಾಚಾ ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ತೆಗೆದರು. ನನ್ನ ಕೈ ಹಿಡಿಕೆ ಮೇಲೆ ಹಾಗೇ ಕಲ್ಲಾಯ್ತು. ಚಾಚಾ ಮೆತ್ತಗೆ ಹೇಳಿದರು, "ಟ್ಯಾಪ್ ಒಳಗೆ ಮುರಿದ್ರೆ ಅದನ್ನ ಕೊರೆಯೋಕೆ ಯಾವ ಡ್ರಿಲ್ಲೂ ಇಲ್ಲ. ಅದಕ್ಕಿಂತ ಗಟ್ಟಿ ಏನೂ ಇಲ್ಲ ನಮ್ಮ ಹತ್ರ. ಮಗ್ಗದ ಕಾಲೇ ಹೋಯ್ತು ಅಂತ ತಿಳ್ಕೋ. ನಿನ್ನ ಸೀರೇನೂ ಹೋಯ್ತು. ಈಗ ಹಿಂದೆ ಬಾ. ಕೂದಲು ಬಾಚೋವಾಗ ಸಿಕ್ಕು ಬಿಡಿಸ್ತೀಯಲ್ಲ, ಹಂಗೆ."

ಹಿಂದಕ್ಕೆ ತಿರುಗಿಸಿದೆ. ಬರಲಿಲ್ಲ. ಇನ್ನಷ್ಟು ಮೆತ್ತಗೆ, ಆ ಕಡೆ ಒಂಚೂರು, ಈ ಕಡೆ ಒಂಚೂರು. ಆಮೇಲೆ ಒಳಗೆ ಏನೋ ಪುಟಕ್ಕನೆ ಮುರಿದ ಹಾಗಾಯ್ತು. ಚಾಚಾ ಕಣ್ಣು ಬಿಡದೆ, "ಪುಡಿ. ಪುಡಿ ಅಷ್ಟೇ. ಬಂತು" ಅಂದರು. ಟ್ಯಾಪು ನಿಧಾನಕ್ಕೆ ಹಿಂದೆ ಬಂತು.

ಅಲ್ಲಿಂದ ಮುಂದೆ ನಾನು ಅರ್ಧ ಅಂದರೆ ಅರ್ಧ, ಕಾಲು ಅಂದರೆ ಕಾಲು. ಒಂದನೆಯದು ಮುಗಿದು ಎರಡನೆಯದು, ಎರಡನೆಯದು ಮುಗಿದು ಮೂರನೆಯದು. ಊದಿ, ತೊಳೆದು, ಒರೆಸಿ, ಟಾರ್ಚ್ ಬಿಟ್ಟರೆ ಒಳಗೆ ಸುರುಳಿ ಸುರುಳಿ ಥ್ರೆಡ್ಡು, ಮಿರಮಿರ ಮಿಂಚ್ತಿದೆ. ನಾನು ಮಾಡಿದ್ದು! ಬ್ರಾಕೆಟ್ಟಿನ ತೂತನ್ನೂ ದೊಡ್ಡದು ಮಾಡಿ, ಅರ್ಧ ಇಂಚಿನ ಹೊಸ ಬೋಲ್ಟನ್ನ ಬೆರಳಲ್ಲೇ ತಿರುಗಿಸಿದೆ. ತಡವರಿಸದೆ ಒಳಗೆ ಹೋಯ್ತು. ಕೊನೆಗೆ ಸ್ಪ್ಯಾನರಿನಲ್ಲಿ ಒಂದು ಬಿಗಿತ, ಅಷ್ಟೇ. ನನ್ನ ಕೈ ಅಭ್ಯಾಸಬಲದಿಂದ ಮಗ್ಗದ ಕೆಳಗೆ ನೂಲು ಹುಡುಕೋಕೆ ಹೋಗಿತ್ತು, ಚಾಚಾ ಆ ಕೈಮೇಲೆ ಪಟ್ಟಂತ ಒಂದು ಕೊಟ್ಟರು.

ಮಾರನೇ ದಿನ ಮಗ್ಗ ಓಡಿಸಿದೆ. ಎರಡನೇ ಸೀರೆ ಪಟ್ಟಿಯಿಲ್ಲದೆ ಇಳೀತು, ಅಂಗಡಿಗೆ ಹೋಯ್ತು. ಮೂರನೆಯದಕ್ಕೆ ಕೂತಾಗ ನಾನು ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ನಮ್ಮನೆಯವರೇ ಅನ್ನ ಸಾರು ಮಾಡಿದರು, ಉಪ್ಪಿಲ್ಲದ ಸಾರನ್ನ ನಾನು ಕಮಕ್ ಕಿಮಕ್ ಅನ್ನದೆ ತಿಂದೆ. ಸೀರೆ ಇಳಿಸಿ, ಬಾಗಿಲಿಗೆ ಅಡ್ಡ ಹಿಡಿದು, ಸೆರಗಿನಿಂದ ಕೊನೇವರೆಗೂ ಇಬ್ಬರೂ ನೋಡಿದೆವು. ಪಟ್ಟಿ ಇಲ್ಲ, ಎಳೆ ತಪ್ಪಿಲ್ಲ, ಎಣ್ಣೆ ಕಲೆ ಇಲ್ಲ. ಇನ್ನೊಂದು ಸಲ ನೋಡಿದೆವು. ಇಲ್ಲ. ನಂಗೆ ಕಣ್ಣಲ್ಲಿ ನೀರು ಬಂದುಬಿಡ್ತು. "ಸೀರೆ ಮೇಲೆ ಬೀಳಿಸ್ಬೇಡ ಮಾರಾಯ್ತಿ, ಕಲೆ ಆದ್ರೆ ಪಾತ್ರೆ ನಾನೂ ಬೆಳಗ್ಬೇಕಾಗುತ್ತೆ" ಅಂದರು.

ಗೃಹಪ್ರವೇಶದ ದಿನ ಬಸ್ಸಿನಲ್ಲಿ ಕೂರಲೂ ಇಲ್ಲ ನಾನು, ಸುಕ್ಕಾಗುತ್ತೆ ಅಂತ ದೊಡ್ಡಬೆಳವಂಗಲದವರೆಗೂ ನಿಂತೇ ಹೋದೆ. ಅತ್ತಿಗೆ ಹೊಸ ಮನೆಯ ಬಾಗಿಲಲ್ಲೇ ಸಿಕ್ಕರು. "ಬಾರೇ ಇಲ್ಲಿ" ಅಂದರು. ನಾನೇ ಸೆರಗು ಬಿಚ್ಚಿ ಕೈಗೆ ಕೊಟ್ಟೆ. ಸುತ್ತ ನಾಲ್ಕು ಜನ ಹೆಂಗಸರು ಸೇರಿದರು. ಅತ್ತಿಗೆ ನನ್ನನ್ನ ಕಿಟಕಿ ಹತ್ತಿರ ಎಳಕೊಂಡು ಹೋದರು. ಬೆಳಕಿಗೆ ಹಿಡಿದರು, ತಿರುಗಿಸಿದರು, ಅಂಚಿನ ಮೇಲೆ ಬೆರಳಾಡಿಸಿದರು, ನೆರಿಗೆ ಬಿಡಿಸಿ ನೋಡಿದರು. ನೋಡ್ತಾನೇ ಇದ್ದರು. ಹೆಂಗಸರು ಒಬ್ಬೊಬ್ಬರೇ ಹೊರಟುಹೋದರು. ನಾನು ಕೊಡಬೇಕು ಅಂತ ಇಟ್ಟುಕೊಂಡಿದ್ದ ಖಡಕ್ ಮಾತನ್ನ ನಾಲಿಗೆ ತುದಿಗೆ ತಂದುಕೊಂಡೆ.

ಅತ್ತಿಗೆ ಸೆರಗನ್ನ ನನ್ನ ಹೆಗಲ ಮೇಲೆ ಹೊದಿಸಿ, ನೀಟಾಗಿ ಒತ್ತಿದರು. "ಒಂದೂ ಇಲ್ಲ ಕಣೆ" ಅಂದರು. ಆಮೇಲೆ ದನಿ ತಗ್ಗಿಸಿ, "ನೀವು ಗೌರಿಹಬ್ಬಕ್ಕೆ ಕಳಿಸೋದರಲ್ಲಿ ಒಂದಾದ್ರೂ ಹಿಂಗಿರುತ್ತೇನೋ ಅಂತ ನಾನು ಪ್ರತೀ ವರ್ಷ ಹುಡುಕ್ತೀನಿ. ಹುಡುಕಿ ಹುಡುಕಿ ಕಣ್ಣಿಗೆ ಅದೇ ಅಭ್ಯಾಸ ಆಗ್ಹೋಗೈತೆ" ಅಂದರು.

ನನ್ನ ಖಡಕ್ ಮಾತು ಎಲ್ಲಿ ಹೋಯ್ತೋ. ತವರಿನಿಂದ ಅಂತ ಇಪ್ಪತ್ತೆರಡು ವರ್ಷ ನಾನೇ ಮಡಿಸಿ, ಬಳೆ ಅರಿಶಿನ ಕುಂಕುಮ ಇಟ್ಟು, ಅವರಿಗೆ ಕಳಿಸಿದ್ದ ಅಷ್ಟೂ ಸೀರೆ ಡ್ಯಾಮೇಜ್ ಸೀರೆ. ಒಳ್ಳೆಯದು ಅಂಗಡಿಗೆ ಅಂದುಕೊಂಡೇ ಮಡಿಸಿದ್ದೆ, ಒಂದು ದಿನವೂ ಅದೊಂದು ವಿಷಯ ಅಂತ ಅನ್ನಿಸಿರಲಿಲ್ಲ. ಈಗಲೂ ನನ್ನ ಕೈಚೀಲದಲ್ಲಿ ಅವರಿಗೆ ಮುಯ್ಯಿಗೆ ಅಂತ ತಂದಿದ್ದು ನಾಲ್ಕು ಪಟ್ಟಿ ಬಿದ್ದ ಸೀರೆಯೇ. ನಮ್ಮನೆಯವರು ದೂರದಿಂದ ಚೀಲ ತೋರಿಸಿ, ಕೊಡು ಕೊಡು ಅಂತ ಸನ್ನೆ ಮಾಡ್ತಿದ್ದರು. ನಾನು ಚೀಲವನ್ನ ಕಾಲ ಹಿಂದಕ್ಕೆ ತಳ್ಳಿದೆ.

"ನಿಮ್ಮ ಮುಯ್ಯಿ ಸೀರೆ ಇನ್ನೂ ನೇಯ್ದಿಲ್ಲ ಅತ್ತಿಗೆ" ಅಂದೆ. "ನಿಮ್ಮನ್ನ ಕೇಳಿ ಹಾಸು ಕಟ್ಟೋಣ ಅಂತ ಬಂದೆ. ಯಾವ ಬಣ್ಣ ಬೇಕು?"

ಅತ್ತಿಗೆ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಸಂಪಿಗೆ ಬಣ್ಣ" ಅಂದರು. "ಅಂಚು ಕುಂಕುಮ ಕೆಂಪು, ಎರಡು ಬೆರಳು ಅಗಲ ಸಾಕು. ಸೆರಗಲ್ಲಿ ನವಿಲು ಬೇಡ, ಬರೀ ಗೆರೆ."